ದನಕ್ಕೂ ಹಾಕಬೇಡಿ ಎಂಬ ಒಂದು ಸಾಲಿನ ಬಗ್ಗೆ

ನಮ್ಮ ವಲಯದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ, ಪತ್ರಿಕೆಯ ಮೂಲಕ ಒಂದು ಬಹಿರಂಗ ಪತ್ರ

ಮಾನ್ಯರೇ,

ಇವತ್ತು ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಗೋಡೆಗೆ ಆನಿಸಿಟ್ಟ ನೀಲಿ ಡ್ರಮ್ಮಿನಲ್ಲಿ ಒಂದು ಬ್ರೆಡ್ಡಿನ ಹೋಳು ಬಿದ್ದಿತ್ತು. ಅಂಚಿನಿಂದ ನಡುವಿನವರೆಗೂ ಹಸಿರು ಬೂಷ್ಟು. ಆ ಬೂಷ್ಟಿನ ಮೇಲೆ ಯಾರೋ ಅರಿಶಿನ, ಕುಂಕುಮ ಇಟ್ಟು ಒಂದು ಸೇವಂತಿಗೆ ಎಸಳನ್ನೂ ಅಂಟಿಸಿದ್ದರು. ಪಕ್ಕದಲ್ಲಿ ಬಾಳೆ ಎಲೆಯಲ್ಲಿ ಕಟ್ಟಿದ ಕಡಲೆಕಾಯಿ ಬೀಜ. ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡು, ಹಳೇ ಗೋಡೆಯ ವಾಸನೆ ಬರುತ್ತಿತ್ತು. ಎರಡನ್ನೂ ತೆಗೆದು ಹೊರಗಿಟ್ಟೆ. ಆದರೆ ನಾನು ಏಳುವ ಮೊದಲೇ ಡ್ರಮ್ಮಿಗೆ ಬಂದು, ಅಲ್ಲಿಂದ ಕಲಗಚ್ಚಿನ ಬಾನಿಗೂ ಬಿದ್ದು, ನಮ್ಮ ಹಸುಗಳ ಹೊಟ್ಟೆ ಸೇರಿದ್ದು ಎಷ್ಟೋ ಗೊತ್ತಿಲ್ಲ. ಆ ಹಸುಗಳ ಹಾಲನ್ನು ನಮ್ಮ ಬೀದಿಯ ಮಕ್ಕಳು ಕುಡಿಯುತ್ತಾರೆ. ಅವರಲ್ಲಿ ಅಮರೇಶ ಎಂಬವನು ಇನ್ನೂ ಗೋಡೆ ಹಿಡಿದು ನಡೆಯುವ ವಯಸ್ಸಿನವನು. ಅವನಿಗೆ ಊಟವೆಂದರೆ ಹೆಚ್ಚುಕಡಿಮೆ ಈ ಹಾಲೇ. ಈ ಬ್ರೆಡ್ಡು, ಈ ಬೀಜ ನಮ್ಮ ಡ್ರಮ್ಮಿಗೆ ಬಂದದ್ದು ನಿಮ್ಮಿಂದ. ಇದು ನನ್ನ ದೂರು.

ನೀವೇ ತಂದು ಹಾಕಿದಿರಿ ಎಂದು ಹೇಳುತ್ತಿಲ್ಲ. ನಿಮ್ಮ ಕಚೇರಿಗೆ ಅಂಥ ಓಡಾಟದ ಅಭ್ಯಾಸವಿಲ್ಲ ಎಂಬುದು ನನಗೆ ತಿಳಿದಿದೆ. ಈ ಮಳೆಗಾಲದ ಆರಂಭದಲ್ಲಿ ನೀವು ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಗಳ ಮನೆಮನೆಗೆ ಒಂದು ಕರಪತ್ರ ಹಂಚಿಸಿದಿರಿ. ಬೂಷ್ಟು ಹಿಡಿದ ಆಹಾರದಲ್ಲಿರುವ ವಿಷದ ಬಗ್ಗೆ ಜನಜಾಗೃತಿ ಮೂಡಿಸುವ ಕರಪತ್ರ. ತಮಗೆ ನೆನಪಿಲ್ಲದಿರಬಹುದು; ನನಗೆ ಅದರ ಪ್ರತಿಯೊಂದು ಅಲ್ಪವಿರಾಮವೂ ನೆನಪಿದೆ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನು. ಕನ್ನಡ ಎಂ.ಎ. ಮುಗಿಸಿ ವಿಜಯನಗರದ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ, ತಿಥಿ ಪತ್ರಿಕೆ, ಸರ್ಕಾರಿ ಪ್ರಕಟಣೆಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ನಿಮ್ಮ ಕೆಲಸವೂ ಹಾಗೆಯೇ ನನ್ನ ಮೇಜಿಗೆ ಬಂತು.

ಅದರಲ್ಲಿ ಇದ್ದದ್ದು ಇಷ್ಟು. ತೇವದಲ್ಲಿಟ್ಟ ಕಡಲೆಕಾಯಿ, ಮೆಕ್ಕೆಜೋಳ, ಒಣಕೊಬ್ಬರಿ, ಮೆಣಸಿನಕಾಯಿಗಳಿಗೆ ಒಂದು ಜಾತಿಯ ಬೂಷ್ಟು ಬರುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಹುದು. ತೊಳೆದರೂ ಹೋಗದು, ಹುರಿದರೂ ಹೋಗದು, ಕುದಿಸಿದರೂ ಹೋಗದು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಒಳಹೋದರೆ ಯಕೃತ್ತು ಕೆಡುತ್ತದೆ. ಆದ್ದರಿಂದ ಬೂಷ್ಟು ಬಂದದ್ದನ್ನು ತಿನ್ನಬೇಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕೂಡಲೇ ಹೊರಹಾಕಿ. ಎಲ್ಲವೂ ಸರಿ. ಎಲ್ಲವೂ ನಿಜ. ಈ ವಿಷದ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಹುಡುಕುತ್ತಿದ್ದಾಗ ನಾನು ಇನ್ನೊಂದು ವಿಷಯ ಓದಿದೆ. ಇಂಥ ಬೂಷ್ಟನ್ನು ಹಸು ತಿಂದರೆ ಆ ವಿಷದ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ. ಬಹಳ ಕಾಲವೂ ಬೇಡ, ಮಾರನೆಯ ದಿನದ ಹಾಲಿನಲ್ಲೇ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಹಸು ಕಟ್ಟಿಕೊಂಡವಳಾದ್ದರಿಂದ ಆ ವಾಕ್ಯವನ್ನು ದಾಟಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಕರಪತ್ರದ ಕೊನೆಯಲ್ಲಿ ನಾನೇ ಒಂದು ಸಾಲು ಸೇರಿಸಿದೆ: "ಇದನ್ನು ದನಕ್ಕೂ ಹಾಕಬೇಡಿ, ಹಾಲಿನ ಮೂಲಕ ನಿಮ್ಮ ಮಕ್ಕಳಿಗೇ ಮರಳುತ್ತದೆ."

ಅನುವಾದಕರು ಹೀಗೆಲ್ಲ ಸೇರಿಸಬಾರದು. ಅದಕ್ಕೇ ಅಂಗಡಿಯ ಮಾಲೀಕರಾದ ಮುರಳೀಕೃಷ್ಣ ಅವರಿಗೆ ತೋರಿಸಿದೆ. ಅವರು ನನ್ನೆದುರಿಗೇ ನಿಮ್ಮ ಕಚೇರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಸಾರ್, ನಮ್ಮ ಹುಡುಗಿ ಕೊನೇಲಿ ಒಂದು ಲೈನ್ ಸೇರ್ಸಿದಾಳೆ. ದನಕ್ಕೂ ಹಾಕಬೇಡಿ ಅಂತ. ಇರ್ಲಾ?"

"ದನ ಯಾಕ್ ಬಂತು ಇಲ್ಲಿ?"

"ಹಾಲಿಗೆ ಬರುತ್ತಂತೆ ಸಾರ್."

"ಬರುತ್ತೆ ಕಣ್ರೀ, ಗೊತ್ತು. ಆದ್ರೆ ಮೇವು ನಮ್ ವ್ಯಾಪ್ತಿ ಅಲ್ಲ. ಅದು ಪಶುಸಂಗೋಪನೆಯವರದ್ದು. ನಾವು ಬರೆದ್ರೆ ನಾಳೆ ಅವರು ಕೇಳ್ತಾರೆ, ನಿಮಗ್ಯಾಕ್ರೀ ನಮ್ ದನ ಅಂತ. ತೆಗೀರಿ ಅದನ್ನ."

"ತೆಗೀತೀನಿ ಸಾರ್." ಮುರಳೀಕೃಷ್ಣ ಫೋನ್ ಇಟ್ಟು ನನ್ನ ಕಡೆ ತಿರುಗಿದರು. "ತೆಗಿಯಮ್ಮಾ ಕಲಾ. ಹಸು ಕಾಪಾಡೋಕೆ ಬೇರೆ ಡಿಪಾರ್ಟ್‌ಮೆಂಟ್ ಇದೆಯಂತೆ."

ಸಾಲು ಹೋಯಿತು. ಅದಿದ್ದ ಜಾಗ ಬೋಳಾಗಿ ಕಂಡಿತು. ತುಂಬಿಸಿ ಎಂದು ನಿಮ್ಮ ಕಚೇರಿಯೇ ಹೇಳಿತು. ಅಲ್ಲಿ ಕಣ್ಣು, ಮೂಗು, ಬಾಯಿ ಇರುವ, ನಗುತ್ತಿರುವ ಒಂದು ಕಡಲೆಕಾಯಿಯ ಚಿತ್ರ ಹಾಕಿದೆವು. ಕಡಲೆಕಾಯಿ ನಿಮ್ಮ ವ್ಯಾಪ್ತಿಗೆ ಬರುತ್ತದಲ್ಲ.

ಮಾನ್ಯರೇ, ಸರ್ಕಾರಿ ಕರಪತ್ರಗಳನ್ನು ಯಾರೂ ಓದುವುದಿಲ್ಲ ಎಂಬ ಮಾತಿದೆ. ನಿಮ್ಮದನ್ನು ಓದಿದರು. ಓದಿ ಹೆದರಿದರು, ಹೆದರಿ ಪಾಲಿಸಿದರು. ಚಂದ್ರಾ ಲೇಔಟಿನ ಮನೆಗಳಲ್ಲಿ ಹೋದ ವರ್ಷದ ಕಡಲೆಬೀಜದ ಡಬ್ಬ, ಗೌರಿ ಹಬ್ಬದ ಬಾಗಿನದಲ್ಲಿ ಬಂದು ಮೂಲೆ ಸೇರಿದ್ದ ಕೊಬ್ಬರಿ ಬಟ್ಟಲು, ಹುಳುಕು ಜೋಳದ ಹಿಟ್ಟು, ಫ್ರಿಜ್ಜಿನ ಹಿಂದೆ ಮರೆತಿದ್ದ ಬ್ರೆಡ್ಡು ಎಲ್ಲವೂ ಹೊರಬಂದವು. ಆದರೆ ಎಲ್ಲಿಗೆ? ನೀವು "ಹೊರಹಾಕಿ" ಎಂದಿರಿ. ನಮ್ಮ ಕಡೆ ಅನ್ನವನ್ನು, ಕಾಳನ್ನು ಕಸದ ಗಾಡಿಗೆ ಹಾಕಲು ಕೈ ಬರುವುದಿಲ್ಲ. ಕಾಲಿಗೆ ಅಗುಳು ತಗುಲಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಕೆಟ್ಟದ್ದನ್ನು ಎಸೆಯದೆ ಎಸೆಯಲು ನಮಗೆ ಇರುವುದು ಒಂದೇ ದಾರಿ, ಹಸು. ಹಸುವಿಗೆ ಹಾಕಿದರೆ ಅದು ಎಸೆದದ್ದಲ್ಲ, ಕೊಟ್ಟದ್ದು. ಮನೆಯೂ ಸ್ವಚ್ಛ, ಮನಸ್ಸೂ ಸ್ವಚ್ಛ. ಅತ್ತಿಗುಪ್ಪೆಯ ಹಳೇ ಊರಿನ ನಮ್ಮ ಓಣಿಯಲ್ಲಿ ಉಳಿದಿರುವುದು ನಮ್ಮದೊಂದೇ ಕೊಟ್ಟಿಗೆ. ಸುತ್ತಲಿನ ಲೇಔಟುಗಳ ಇಷ್ಟು ಜನರ ಪುಣ್ಯಕ್ಕೆ ಎರಡು ಹಸು. ಅದಕ್ಕಾಗಿಯೇ ನಮ್ಮಜ್ಜಿ ಚಿಕ್ಕಗಂಗಮ್ಮ ಹಿಂದೆಂದೋ ಗೋಡೆಗೆ ಆ ಡ್ರಮ್ಮು ಇಡಿಸಿದ್ದು. ನಿಮ್ಮ ಕರಪತ್ರ ಬಂದ ಮೇಲೆ ಅದು ಮಧ್ಯಾಹ್ನದ ಹೊತ್ತಿಗೇ ತುಂಬಿ ಚೆಲ್ಲತೊಡಗಿತು.

ಲೇಔಟಿನ ಕುಸುಮಾ ಆಂಟಿ ನಿಮ್ಮ ಕರಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಇನ್ನೊಂದು ಕೈಯಲ್ಲಿ ತುಂಬಿದ ಬಟ್ಟೆ ಚೀಲ.

"ನೋಡ್ದೇನೇ ಕಲಾ ಈ ಪೇಪರ್ನ? ಎಲ್ಲಾ ಪಾಯ್ಸನ್ ಅಂತೆ! ನನಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ. ಇಡೀ ಅಡುಗೆಮನೆ ಕ್ಲೀನ್ ಮಾಡ್ದೆ. ತಗೋ, ಹಸುಗೆ ಹಾಕು."

"ಆಂಟಿ, ಹಸುಗೂ ಇದು…"

"ಅಯ್ಯೋ, ಅದಕ್ಕೇನಾಗುತ್ತೆ ಬಿಡೇ! ಗೋಮಾತೆ ಅವಳು. ಎಲ್ಲಾ ಅರಗಿಸ್ಕೋತಾಳೆ."

ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ನಾಳೆಯಿಂದ ಅರ್ಧ ಲೀಟರ್ ಹಾಲು ಜಾಸ್ತಿ ಬೇಕು, ಮೊಮ್ಮಗಳು ಬರುತ್ತಿದ್ದಾಳೆ ಎಂದು ಹೇಳಿ ಹೋದರು. ಆಂಟಿಯನ್ನು ನಾನು ಹಂಗಿಸುತ್ತಿಲ್ಲ. ಅವರು ಓದಿದವರು, ಒಳ್ಳೆಯವರು, ಹೇಳಿದ್ದನ್ನು ಕೇಳುವವರು. ದನಕ್ಕೂ ಹಾಕಬೇಡಿ ಎಂದು ಅದೇ ಕಾಗದ ಹೇಳಿದ್ದರೆ ಅದನ್ನೂ ಕೇಳುತ್ತಿದ್ದರು. ನಾನು ಹೇಳಿದರೆ ಕೇಳುವುದಿಲ್ಲ. ನನ್ನ ಮಾತಿನ ಮೇಲೆ ಮುದ್ರೆಯಿಲ್ಲ.

ಎಲ್ಲ ಬೂಷ್ಟೂ ಈ ವಿಷವನ್ನು ಮಾಡುವುದಿಲ್ಲ ಎಂಬುದು ನನಗೂ ಗೊತ್ತು. ಬ್ರೆಡ್ಡಿನ ಮೇಲಿನ ಹಸಿರು ಬಹುಶಃ ಅದಲ್ಲ. ಕಡಲೆಬೀಜದ ಮೇಲಿನದು ಅದೇ ಇರಬಹುದು, ಇಲ್ಲದೆಯೂ ಇರಬಹುದು. ಕಣ್ಣಿನಿಂದ ನೋಡಿ ಹೇಳಲಾಗದು. ಹೇಳಲು ನೀವಿದ್ದೀರಿ ಎಂದು ನಾನು ತಿಳಿದಿದ್ದೆ. ನೀವು ಹೇಳದಿದ್ದಾಗ ಚೈತ್ರಳನ್ನು ಕೇಳಿದೆ. ಪಿಯುಸಿಯಲ್ಲಿ ನನ್ನ ಜೊತೆಗಿದ್ದವಳು, ಈಗ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವ ಕೆಲಸ. ಹೋದ ವಾರ ಒಂದು ಬಾಟಲಿ ಹಾಲು ತೆಗೆದುಕೊಂಡು ರಾಜಾಜಿನಗರಕ್ಕೆ ಅವಳ ಮನೆಗೆ ಹೋದೆ. ಅವಳು ಒಂದು ಕಾಗದದ ಪಟ್ಟಿಯ ಮೇಲೆ ಹನಿ ಬಿಟ್ಟಳು. ಎರಡು ಗೆರೆ ಬಂದರೆ ಹಾಲು ಮಿತಿಯ ಒಳಗಿದೆ, ಒಂದೇ ಬಂದರೆ ಮಿತಿ ದಾಟಿದೆ ಎಂದು ಮೊದಲೇ ಹೇಳಿದ್ದಳು. ಇಬ್ಬರೂ ಬಗ್ಗಿ ನೋಡುತ್ತಾ ಕೂತೆವು. ಒಂದು ಗೆರೆ ಬಂತು.

"ಇನ್ನೊಂದು ಬರುತ್ತೇನೋ ಇರೇ," ಎಂದೆ.

"ಬರೋದಾಗಿದ್ರೆ ಇಷ್ಟೊತ್ತಿಗೆ ಬರ್ತಿತ್ತು ಕಣೇ."

ಇನ್ನೊಂದು ಪಟ್ಟಿ ಹಾಕಿದಳು. ಅದರಲ್ಲೂ ಒಂದೇ ಗೆರೆ. "ಇದು ಅಧಿಕೃತ ಅಲ್ಲ, ತಿಳ್ಕೋ. ಅಧಿಕೃತ ಅಂದ್ರೆ ಆಫೀಸರೇ ಬಂದು ಸ್ಯಾಂಪಲ್ ತಗೋಬೇಕು. ಆದ್ರೆ ನಾನಾಗಿದ್ರೆ ಮಕ್ಕಳಿಗೆ ಕೊಡ್ತಿರಲಿಲ್ಲ," ಎಂದಳು. ಪಟ್ಟಿಗಳನ್ನು ಎತ್ತಿಡುತ್ತಾ, "ಗಾಬರಿ ಬೇಡ ಮಾರಾಯ್ತಿ. ಕೆಟ್ಟ ಮೇವು ನಿಲ್ಸಿದ್ರೆ ಕೆಲವು ದಿನದಲ್ಲಿ ಹಾಲು ಸರಿಹೋಗುತ್ತೆ," ಎಂದಳು. ಆ ಮಾತು ಹಿಡಿದುಕೊಂಡು ಸಂತೋಷದಿಂದಲೇ ಮನೆಗೆ ಬಂದೆ. ನಿಲ್ಲಿಸಿದರೆ ಸರಿಹೋಗುತ್ತದೆ, ಇದಕ್ಕಿಂತ ಸುಲಭವಾದದ್ದು ಏನಿದೆ?

ನಿಲ್ಲಿಸುವುದು ಹೇಗೆಂದು ಈಗ ತಾವೇ ಹೇಳಬೇಕು.

ಮೊದಲು ಅಜ್ಜಿಗೆ ಹೇಳಿದೆ. ಅಜ್ಜಿ ಬಾನಿಯ ಪಕ್ಕ ಕೂತು ಯಾರೋ ಕೊಟ್ಟ ಚಪಾತಿಗಳನ್ನು ಹರಿದು ಹಾಕುತ್ತಿದ್ದಳು. "ನಾನು ಸೊಸೆಯಾಗಿ ಬಂದಾಗ್ಲಿಂದ ಹಾಕ್ತಾ ಇದೀನಿ. ಯಾವ ಮಗ ಸತ್ತ, ಹೇಳು? ಬೂಷ್ಟು ತಿಂದೇ ನಿಮ್ಮಪ್ಪ ಇಷ್ಟುದ್ದ ಬೆಳೆದಿರೋದು," ಎಂದಳು. ಯಾರೂ ಇವತ್ತು ಕುಡಿದು ನಾಳೆ ಸಾಯುವುದಿಲ್ಲ ಅಜ್ಜಿ, ಒಳಗೊಳಗೇ ಕೆಡುತ್ತದೆ ಎಂದೆ. "ಒಳಗೊಳಗೇ ಯಾರಿಗ್ ತಾನೇ ಕೆಟ್ಟಿಲ್ಲ!" ಎಂದು ಚಪಾತಿ ಹರಿಯುವುದನ್ನು ಮುಂದುವರಿಸಿದಳು. ನಗು ಬಂತು, ನಗಲಾಗಲಿಲ್ಲ.

ಅಪ್ಪ ವೆಂಕಟಸ್ವಾಮಿ ಮಾಗಡಿ ರಸ್ತೆಯ ಕಾರ್ಖಾನೆ ಮುಚ್ಚಿದ ಮೇಲೆ ಹಸುಗಳನ್ನೇ ನಂಬಿದವರು. ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ಜಗಳವಾದರೂ ಆಗುತ್ತಿತ್ತು. "ಡ್ರಮ್ಮು ತೆಗೆದ್ರೆ ಅವಕ್ಕೆ ಏನ್ ಹಾಕ್ಲಿ? ಮೇಯ್ಸಕ್ಕೆ ಮೆಟ್ರೋ ಕೆಳಗೆ ಬಿಡ್ಲಾ?" ಎಂದರು. ಹಿಂಡಿ, ಬೂಸಾ ಕೊಂಡು ತಂದು ಹಾಕೋಣ ಎಂದೆ. ಆಗ ಅಪ್ಪ ಒಳಗಿನಿಂದ ಹಿಂಡಿಯ ಮೂಟೆ ಎಳೆದು ತಂದು ಬಾಯಿ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಅದೇ ಹಳೇ ಗೋಡೆಯ ವಾಸನೆ. ಮೂಟೆಯ ಮೇಲೆ "ಪಶು ಆಹಾರಕ್ಕೆ ಮಾತ್ರ" ಎಂಬ ಅಚ್ಚು. ಮಾಡಿದವರ ಹೆಸರಿಲ್ಲ, ದಿನಾಂಕವಿಲ್ಲ. ಮನುಷ್ಯರು ಮುಟ್ಟದ್ದು ಎಂಬುದೇ ಅದರ ಗುಣಮಟ್ಟ. "ಯಾವುದರಲ್ಲಿ ನಿನ್ ವಿಷ ಇದೆ, ತೋರ್ಸು. ಇದರಲ್ಲಾ, ಅದರಲ್ಲಾ? ತೋರ್ಸಮ್ಮ, ಅದನ್ನೇ ಎತ್ತಿ ಬಿಸಾಕ್ತೀನಿ." ಚೈತ್ರಳ ಪಟ್ಟಿ ಹಾಲಿಗಷ್ಟೇ, ಮೇವಿಗಲ್ಲ. ಹೋಗುವಾಗ ಅಪ್ಪ ಮೆಲ್ಲಗೆ ಅಂದರು: "ಬೀದೀಲಿ ಬಾಯಿ ಬಿಡಬೇಡ ಕಣಮ್ಮ. ಒಂದು ಸಲ ಕೆಟ್ಟ ಹೆಸರು ಬಂದ್ರೆ ಹಾಲು ಸರಿಹೋದ್ರೂ ಹೆಸರು ಸರಿಹೋಗಲ್ಲ."

ಮಾರನೆಯ ದಿನ ನಾನೇ ಡ್ರಮ್ಮನ್ನು ಬೋರಲು ಹಾಕಿದೆ. ಬೆಳಗಾಗುವಷ್ಟರಲ್ಲಿ ಗೇಟಿನ ಕಂಬಿಗಳಿಗೆಲ್ಲ ಪ್ಲಾಸ್ಟಿಕ್ ಚೀಲಗಳು ತೂಗುತ್ತಿದ್ದವು. ವಾಕಿಂಗಿಗೆ ಬರುವ ಉಗ್ರಪ್ಪನವರು ಹೆಸರಿಗೆ ತಕ್ಕ ಮುಖ ಮಾಡಿಕೊಂಡು ನಿಂತಿದ್ದರು. "ಯಾರಮ್ಮಾ ಇದನ್ನ ಮಗುಚಿದ್ದು? ಗೋವಿಗೆ ಕೊಡೋದನ್ನ ತಡೆಯೋದು ಯಾವ ಸೀಮೆ ವಿದ್ಯಾಭ್ಯಾಸ? ಏನ್ ಓದಿದೀಯಾ ನೀನು?" ಕನ್ನಡ ಸಾಹಿತ್ಯ ಎಂದೆ. "ಹಾಗಿದ್ರೆ ಸರಿ ಬಿಡು," ಎಂದು ತಾವೇ ಡ್ರಮ್ಮನ್ನು ಎತ್ತಿ ನಿಲ್ಲಿಸಿ, ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಅದರೊಳಗೆ ಸುರಿದು ಹೋದರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಎದುರು ಮಾತಾಡುವ ಕಲೆ ನನಗೆ ಬಂದಿಲ್ಲ. ಅದಕ್ಕೇ ನಿಮಗೆ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿಗೆ ಬರಲಿಲ್ಲವೇ ಎಂದು ತಾವು ಕೇಳಬಹುದು. ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಸಹಾಯಕರು ಮರ್ಯಾದೆಯಿಂದಲೇ ಕೂರಿಸಿ ಮಾತಾಡಿಸಿದರು.

"ಹಾಲಿನ ಕಂಪ್ಲೇಂಟಾ? ತಗೋತೀವಿ ಮೇಡಂ. ಹಾಲು ನಮ್ದೇ. ಯಾರ ಮೇಲೆ ಕೊಡ್ತೀರಾ?"

"ಯಾರ ಮೇಲೂ ಅಲ್ಲ ಸಾರ್. ಮೇವಿನಲ್ಲಿ ಬೂಷ್ಟಿದೆ. ಜನ ಹಾಕ್ತಾರೆ. ಅಂಗಡಿ ಹಿಂಡಿ ಮೇಲೂ ಅನುಮಾನ. ಎರಡನ್ನೂ ಟೆಸ್ಟ್ ಮಾಡ್ಸಿ, ಹಾಕಬೇಡಿ ಅಂತ ಜನಕ್ಕೆ ಹೇಳಿ."

"ಮೇವು ನಮಗೆ ಬರಲ್ಲ ಮೇಡಂ. ಜನದ ಮೇಲೆ ಕೇಸ್ ಹಾಕಕ್ಕಾಗಲ್ಲ. ಹಾಲು ಮಾರೋರು ಒಬ್ರು ಇರ್ತಾರಲ್ಲ, ಅವರ ಹೆಸರು ಹೇಳಿ. ನಾಳೆನೇ ಬಂದು ಸ್ಯಾಂಪಲ್ ಎತ್ತಿ ನೋಟಿಸ್ ಕೊಡ್ತೀವಿ."

ಅವರು ಪೆನ್ನು ಹಿಡಿದು ಕಾದರು. ಹೇಳಬೇಕಾಗಿದ್ದ ಹೆಸರು ವೆಂಕಟಸ್ವಾಮಿ. ನೀರು ಕುಡಿದು ಎದ್ದು ಬಂದೆ.

ಅಲ್ಲಿಂದ ಪಶು ಆಸ್ಪತ್ರೆಗೆ ಹೋದೆ. ಅಲ್ಲಿಯ ಮಾತು ಇನ್ನೂ ಚುಟುಕು. "ಹಸುಗೆ ಏನಾಗಿದೆ?" ಏನೂ ಆಗಿಲ್ಲ ಎಂದೆ. "ಮೇಯ್ತಾ ಇದೆಯಾ? ಮೆಲುಕು ಹಾಕ್ತಿದೆಯಾ?" ಹಾಕ್ತಿದೆ. "ಮತ್ಯಾಕ್ ಬಂದ್ರಿ?" ಹಾಲಿನಲ್ಲಿ ವಿಷವಿದೆ ಎಂದೆ. "ಹಾಲು ಕೆಚ್ಚಲಿಂದ ಆಚೆ ಬಂದ್ಮೇಲೆ ಆಹಾರದವರದ್ದಮ್ಮ," ಎಂದು ನಿಮ್ಮ ವಿಳಾಸ ಬರೆದುಕೊಟ್ಟರು.

ಮಾನ್ಯರೇ, ನಿಮ್ಮ ಎರಡು ಇಲಾಖೆಗಳ ಗಡಿ ನಮ್ಮ ಹಸುವಿನ ಹೊಟ್ಟೆಯೊಳಗೆ ಎಲ್ಲೋ ಹಾದುಹೋಗುತ್ತದೆ. ಬಾಯಿಯಿಂದ ಕೆಚ್ಚಲಿನವರೆಗೆ ಅವರದ್ದು, ಕೆಚ್ಚಲಿನಿಂದ ಲೋಟದವರೆಗೆ ನಿಮ್ಮದು. ವಿಷ ಮಾತ್ರ ಯಾರ ಅನುಮತಿಯನ್ನೂ ಕೇಳದೆ ಈ ಗಡಿಯನ್ನು ದಿನವೂ ದಾಟುತ್ತಿದೆ. ಕಡಲೆಬೀಜ ಕುಸುಮಾ ಆಂಟಿಯ ಡಬ್ಬದಲ್ಲಿದ್ದಾಗ ಅದು ನಿಮ್ಮ ಕಣ್ಣಿಗೆ ವಿಷ. ಡ್ರಮ್ಮಿಗೆ ಬಿದ್ದ ಕ್ಷಣ ಅದು ಯಾರದ್ದೂ ಅಲ್ಲ. ಲೋಟದಲ್ಲಿ ಮತ್ತೆ ನಿಮ್ಮದು, ಆದರೆ ಅಷ್ಟು ಹೊತ್ತಿಗೆ ಅದಕ್ಕೆ ಹಾಲು ಮಾರುವವನ ಹೆಸರು ಅಂಟಿಕೊಂಡಿರುತ್ತದೆ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ! ಭಕ್ತಿಯಿಂದ ಹಾಕಿದವರು ತಪ್ಪಿತಸ್ಥರಲ್ಲ, ಹಿಂಡಿ ಮಾರಿದವರು ಸಿಗುವುದಿಲ್ಲ, ಕರಪತ್ರ ಹಂಚಿದವರಿಗೆ ಪ್ರಶಂಸೆ. ಸಿಗುವವರು ಹಾಲು ಕರೆಯುವವರು ಮಾತ್ರ. ಬೂಷ್ಟನ್ನು ತಿನ್ನಬೇಡಿ ಎಂದು ಒಂದು ಊರಿಗೆ ಊರನ್ನೇ ಹೆದರಿಸುವಾಗ, ಆ ಊರು ಅದನ್ನೆಲ್ಲ ಎಲ್ಲಿ ಸುರಿಯುತ್ತದೆ ಎಂಬುದನ್ನು ಒಂದು ಗಳಿಗೆಯಾದರೂ ಯೋಚಿಸಿದಿರಾ? ತಾವೂ ಈ ಊರಿನವರೇ ಅಲ್ಲವೇ? ತಮ್ಮ ಮನೆಯಲ್ಲಿ ಹಳಸಿದ್ದು ಎಲ್ಲಿಗೆ ಹೋಗುತ್ತದೆ? ಫೋನಿನಲ್ಲಿ "ಬರುತ್ತೆ ಕಣ್ರೀ, ಗೊತ್ತು" ಎಂದ ಆ ದನಿಯನ್ನು ನಾನು ಮರೆತಿಲ್ಲ. ಗೊತ್ತಿಲ್ಲದೆ ಬಿಟ್ಟಿದ್ದರೆ ಈ ಪತ್ರವನ್ನು ಇನ್ನೂ ಮೆತ್ತಗೆ ಬರೆಯುತ್ತಿದ್ದೆ.

ಈಗ ಅಮರೇಶನ ವಿಷಯ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಬಸವರಾಜೇಶ್ವರಿ ಬಾಡಿಗೆಗಿದ್ದಾರೆ. ರಾಯಚೂರು ಕಡೆಯವರು, ಗಂಡ ಮೈಸೂರು ರಸ್ತೆಯ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅಮರೇಶ ಅವರ ಮಗ. ಪ್ಯಾಕೆಟ್ ಹಾಲು ಬಾಯಿಗಿಟ್ಟರೆ ಉಗುಳುತ್ತಾನೆ, ಗಂಜಿ ಕೊಟ್ಟರೆ ಕೈಯಿಂದ ತಳ್ಳುತ್ತಾನೆ. ಅಪ್ಪನಿಗೆ ಮಂಡಿ ನೋವಾದ್ದರಿಂದ ಬೀದಿಗೆ ಹಾಲು ಹಾಕುವವಳು ನಾನೇ. ಕ್ಯಾನಿನ ಮುಚ್ಚಳದ ಸದ್ದು ಕೇಳಿದರೆ ಅವನು ಹೊಸ್ತಿಲ ತನಕ ಅಂಬೆಗಾಲಿಟ್ಟು ಬಂದು, ನನ್ನ ಚೂಡಿದಾರದ ಅಂಚು ಹಿಡಿದು ಎದ್ದು ನಿಲ್ಲುತ್ತಾನೆ. ಪಟ್ಟಿಯಲ್ಲಿ ಒಂದೇ ಗೆರೆ ಬಂದ ಮಾರನೆಯ ಬೆಳಿಗ್ಗೆಯೂ ಹಾಗೇ ನಿಂತ.

"ನೋಡ್ರಿ ಯಕ್ಕಾ, ನಿಮ್ಮ ಹಾಲಿಂದ ಎಷ್ಟ್ ಮೈ ಹಿಡದಾನ," ಎಂದರು ಬಸವರಾಜೇಶ್ವರಿ. "ನಮ್ಮವ್ವ ಫೋನ್ದಾಗ ನೋಡಿ, ಬೆಂಗಳೂರಾಗೂ ಚಲೋ ಹಾಲ ಸಿಗತಾವೇನ ಅಂತ ಕೇಳಿದ್ಲು. ನಮ್ಮ ಓಣ್ಯಾಗ ಹಿಂಡತಾರ, ನಂಬಿಗಸ್ತ ಮಂದಿ ಅಂತ ಹೇಳೀನ್ರಿ."

ಹೇಳಬೇಕೆಂದೇ ಹೋಗಿದ್ದೆ. ಅಪ್ಪನ ಮಾತು ಅಡ್ಡ ಬಂತು. ಬಾಯಿಂದ ಹೊರಬಿದ್ದದ್ದು ಇಷ್ಟೇ: "ಹಾಲು ಚೆನ್ನಾಗಿ ಕಾಯ್ಸಿ ಕೊಡಿ ಅಕ್ಕ."

"ಕಾಸೂದಾ? ಮೂರ್ ಸಲ ಉಕ್ಕಸ್ತೀನ್ರಿ. ನೀವೇನೂ ಚಿಂತಿ ಮಾಡಬ್ಯಾಡ್ರಿ."

ಕುದಿಸಿದರೂ ಹೋಗದು ಎಂಬ ವಾಕ್ಯವನ್ನು ಕನ್ನಡದಲ್ಲಿ ಬರೆದವಳು ನಾನು, ಮಾನ್ಯರೇ. ಅದೇ ಬಾಯಿಂದ ಕಾಯಿಸಿ ಕೊಡಿ ಎಂದು ಹೇಳಿ, ಹಾಲು ಅಳೆದು, ಮುಚ್ಚಳ ಹಾಕಿಕೊಂಡು ಮುಂದಿನ ಮನೆಗೆ ಹೋದೆ. ಅವತ್ತಿನಿಂದ ಬೆಳಿಗ್ಗೆಯೂ ಸಂಜೆಯೂ ಹೋಗುತ್ತಿದ್ದೇನೆ. ಬಾಯಿ ಬಿಟ್ಟರೆ ಅಪ್ಪ ಬೀದಿಗೆ ಬೀಳುತ್ತಾರೆ. ಬಿಡದಿದ್ದರೆ ಮಗು ಕುಡಿಯುತ್ತದೆ. ನಿಮ್ಮಲ್ಲಿ ದೂರು ಕೊಟ್ಟರೆ ನೋಟಿಸು ಅಪ್ಪನ ಹೆಸರಿಗೆ, ಕೊಡದಿದ್ದರೆ ಡ್ರಮ್ಮು ಎಂದಿನಂತೆ ತುಂಬುತ್ತದೆ. ಡ್ರಮ್ಮು ತೆಗೆದರೆ ಗೇಟಿಗೆ ಚೀಲ, ಚೀಲ ತೆಗೆದರೆ ಮೂಟೆಯ ಹಿಂಡಿ. ಹೊರಬರುವ ಬಾಗಿಲನ್ನು ಎಲ್ಲ ಕಡೆಯೂ ತಡವಿ ನೋಡಿದ್ದೇನೆ. ಎಲ್ಲ ಬಾಗಿಲಿನ ಮುಂದೆಯೂ ಒಳ್ಳೆಯವರೇ ಯಾರಾದರೊಬ್ಬರು ನಿಂತಿದ್ದಾರೆ.

ನನ್ನ ಬೇಡಿಕೆ ದೊಡ್ಡದಲ್ಲ. ನೀವು ಹೊಡೆದುಹಾಕಿಸಿದ ಆ ಒಂದು ಸಾಲನ್ನು ವಾಪಸು ಹಾಕಿ. ಹೊಸ ಕರಪತ್ರದಲ್ಲಿ ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ ಹಾಕಿ. ನಗುವ ಕಡಲೆಕಾಯಿಗೆ ಜಾಗ ಸಾಲದಿದ್ದರೆ ಅದು ಹೋಗಲಿ. ಕಸದ ಗಾಡಿಯ ಮೈಕಿನಲ್ಲಿ ದಿನಾ ಬೆಳಿಗ್ಗೆ ಹಸಿ ಕಸ, ಒಣ ಕಸ ಎಂದು ಕೂಗಿಸುತ್ತಾರಲ್ಲ, ಅದರ ಜೊತೆಗೆ "ಬೂಷ್ಟು ಹಿಡಿದದ್ದನ್ನು ಹಸುವಿಗೆ ಹಾಕಬೇಡಿ, ನಮಗೆ ಕೊಡಿ" ಎಂದು ಕೂಗಿಸಿ. ಸರ್ಕಾರವೇ ಹೇಳಿದರೆ ಉಗ್ರಪ್ಪನವರೂ ಕೇಳುತ್ತಾರೆ, ನಮ್ಮಜ್ಜಿಯೂ ಗೊಣಗಿಕೊಂಡಾದರೂ ಕೇಳುತ್ತಾಳೆ. ಪಶುಸಂಗೋಪನೆಯವರನ್ನು ಜೊತೆಗೆ ಕರೆದುಕೊಂಡು ಒಂದು ಸಲ ಮೇವಿನ ಅಂಗಡಿಗಳಿಗೆ ಹೋಗಿ ಹಿಂಡಿಯ ಮೂಟೆ ಬಿಚ್ಚಿಸಿ ನೋಡಿ. ಹಾಲು ಕರೆಯುವವನು ತಾನಾಗಿಯೇ ತನ್ನ ಮೇವನ್ನು, ಹಾಲನ್ನು ತಂದು ಪರೀಕ್ಷಿಸಿಕೊಡಿ ಎಂದು ಕೇಳಿದರೆ ನೋಟಿಸಿನ ಬದಲು ಉತ್ತರ ಕೊಡುವ ಒಂದು ಕಿಟಕಿ ತೆರೆಯಿರಿ. ಅಂಥ ಕಿಟಕಿ ಇದ್ದಿದ್ದರೆ ಅಪ್ಪನನ್ನು ನಾನೇ ಕೈಹಿಡಿದು ಕರೆತರುತ್ತಿದ್ದೆ. ಅವರು ಕೇಳಿದ್ದೂ ಅಷ್ಟೇ, "ತೋರ್ಸಮ್ಮ" ಎಂದು.

ಇದನ್ನೆಲ್ಲ ತಾವು ಯಾವಾಗ ಮಾಡುತ್ತೀರೋ ಗೊತ್ತಿಲ್ಲ. ಬರೆದು ಮುಗಿಸಿ ಓದಿಕೊಂಡಾಗ ಒಂದು ವಿಷಯ ಕಂಡಿತು. ಇದನ್ನು ತಮಗೆ ಹೇಳಿದ್ದೇನೆ, ಪತ್ರಿಕೆ ಓದುವ ಗುರುತಿಲ್ಲದ ಜನಕ್ಕೆಲ್ಲ ಹೇಳಿದ್ದೇನೆ. ಆ ಹಾಲನ್ನು ಮಗುವಿನ ಬಾಯಿಗಿಡುವವರಿಗೆ ಮಾತ್ರ ಹೇಳಿಲ್ಲ. ಬಸವರಾಜೇಶ್ವರಿ ಪತ್ರಿಕೆ ತರಿಸುವುದಿಲ್ಲ. ಇದು ಅಚ್ಚಾದ ದಿನ ಯಾರದೋ ಬಾಯಿಂದ, ನೀರು ಹಿಡಿಯುವಾಗಲೋ ಅಂಗಡಿಯಲ್ಲೋ ಕೇಳುತ್ತಾರೆ. ಆಮೇಲೆ ನಾನು ಎಂದಿನಂತೆ ಹೋಗಿ ಅವರ ಹೊಸ್ತಿಲಲ್ಲಿ ಕ್ಯಾನು ಇಳಿಸಬೇಕು.

ಆದ್ದರಿಂದ ಈ ಪತ್ರವನ್ನು ನಾಳೆ ಅಂಚೆಗೆ ಹಾಕುವ ಮೊದಲು, ಅಪ್ಪ ಹಾಲು ಕರೆಯುವುದಕ್ಕಿಂತ ಮುಂಚೆ, ಬರಿಗೈಯಲ್ಲಿ ಆ ಮನೆಗೆ ಹೋಗುತ್ತೇನೆ. ಅಲ್ಲಿ ಹೇಳಿದ ಮೇಲೆ ಬೀದಿಯ ಉಳಿದ ಮನೆಗಳಿಗೂ ಹೋಗಬೇಕಾಗುತ್ತದೆ, ಕುಸುಮಾ ಆಂಟಿಯ ಮನೆಗೂ. ಮನೆಗೆ ವಾಪಸು ಬಂದು ಅಪ್ಪನಿಗೆ ಏನು ಹೇಳುವುದೆಂದು ಇನ್ನೂ ಹೊಳೆದಿಲ್ಲ. "ಅಕ್ಕಾ, ಅಮರೇಶನಿಗೆ ಸದ್ಯಕ್ಕೆ ನಮ್ಮ ಹಾಲು ಬೇಡ" ಎಂಬಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಯಾಕೆ ಎಂದು ಕೇಳುತ್ತಾರೆ. ಕೇಳಿದಾಗ ಅಲ್ಲೇ ನಿಂತು ಉತ್ತರ ಹೇಳುತ್ತೇನೆ.

ಇಂತಿ,
ತಮ್ಮ ವ್ಯಾಪ್ತಿಗೆ ಬಾರದ ಎರಡು ಹಸುಗಳ ಮನೆಯವಳು,
ವಿ. ಕಲಾ
ಅತ್ತಿಗುಪ್ಪೆ ಹಳೇ ಊರು, ಬೆಂಗಳೂರು